ಪ್ಲಗ್ ಎತ್ತಿ ಹಿಡಿದರೆ ಮಾತ್ರ ಚಾರ್ಜ್: ಒಂದು ಲ್ಯಾಪ್‌ಟಾಪ್ ಜ್ಯಾಕ್ ರಿಪೇರಿಯ ಪೂರ್ಣ ವಿವರ

15.6 ಇಂಚಿನ ಲ್ಯಾಪ್‌ಟಾಪ್, ಆರು ವರ್ಷ ಬಳಸಿದ್ದು. ಅಡಾಪ್ಟರ್ 19 ವೋಲ್ಟ್, 3.42 ಆಂಪಿಯರ್, ಅಂದರೆ 65 ವಾಟ್. ಪ್ಲಗ್ ದುಂಡನೆಯದು: ಹೊರವ್ಯಾಸ 5.5 ಮಿಮೀ, ಒಳರಂಧ್ರ 2.5 ಮಿಮೀ. ಹೊರಗಿನ ಕೊಳವೆ ನೆಗೆಟಿವ್, ಒಳಗಿನದು ಪಾಸಿಟಿವ್. ಬ್ಯಾಟರಿ ಒಳಗೇ ಕೂರುವ ಮೂರು ಸೆಲ್ಲಿನದು, 11.4 ವೋಲ್ಟ್, 41 ವಾಟ್‌ಅವರ್. ಚಾರ್ಜಿಂಗ್ ಜ್ಯಾಕನ್ನು (ಪ್ಲಗ್ ಹೋಗಿ ಕೂರುವ ಸಾಕೆಟ್) ವೈರಿನ ತುದಿಗೆ ಜೋಡಿಸಿರಲಿಲ್ಲ, ನೇರವಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕಲಾಗಿತ್ತು. ರಿಪೇರಿ ಎಷ್ಟು ಕಷ್ಟ ಎಂಬುದು ಬಹುಪಾಲು ಈ ಕೊನೆಯ ಅಂಶದ ಮೇಲೆಯೇ ನಿಂತಿದೆ. ವೈರಿನ ಜ್ಯಾಕ್ ಆಗಿದ್ದರೆ ಹಳೆಯದನ್ನು ಕನೆಕ್ಟರಿನಿಂದ ಕಿತ್ತು ಹೊಸದನ್ನು ಸಿಕ್ಕಿಸಿದರೆ ಮುಗಿಯಿತು, ಸೋಲ್ಡರಿಂಗ್ ಐರನ್ ಮುಟ್ಟುವ ಅಗತ್ಯವೇ ಇಲ್ಲ.

ದೂರು ಶುರುವಾದದ್ದು ಸಣ್ಣದಾಗಿ. ಪ್ಲಗ್ಗನ್ನು ಸ್ವಲ್ಪ ಅಲುಗಿಸಿದರೆ ಚಾರ್ಜಿಂಗ್ ದೀಪ ಮಿಣಮಿಣ ಅನ್ನುತ್ತಿತ್ತು, ಪರದೆಯ ಬೆಳಕು ಮಂಕಾಗಿ ಮತ್ತೆ ಏರುತ್ತಿತ್ತು. ಕೆಲವು ವಾರಗಳಲ್ಲಿ ಪ್ಲಗ್ಗನ್ನು ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಎಂಬ ಸ್ಥಿತಿಗೆ ಬಂತು. ಅದಕ್ಕೆ ಕೆಳಗೆ ಪುಸ್ತಕವೊಂದನ್ನು ಒತ್ತುಕೊಟ್ಟು ಕೆಲಸ ಸಾಗಿಸಲಾಯಿತು. ಕೊನೆಗೆ ಪ್ಲಗ್ಗಿನ ಬುಡ ಮುಟ್ಟಲಾಗದಷ್ಟು ಬಿಸಿಯಾಗತೊಡಗಿತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೂ ಬಂತು. ಬಳಕೆ ನಿಲ್ಲಿಸಬೇಕಾಗಿದ್ದದ್ದು ಒತ್ತುಕೊಡುವ ಹಂತದಲ್ಲೇ. ಆಗಲೇ ನಿಲ್ಲಿಸಿದ್ದರೆ ಬಹುಶಃ ಅರ್ಧ ಗಂಟೆಯ ಮರುಬೆಸುಗೆಯಲ್ಲಿ ಮುಗಿಯುತ್ತಿತ್ತು. ಮುಂದುವರಿಸಿದ್ದರಿಂದ ಜ್ಯಾಕ್, ಪ್ಲಗ್, ಬೋರ್ಡಿನ ತಾಮ್ರ ಮೂರೂ ಕೆಟ್ಟವು.

ಯಂತ್ರ ಬಿಚ್ಚುವ ಮುನ್ನ

ಇಂಥ ದೂರಿಗೆ ಜ್ಯಾಕ್ ಒಂದೇ ಕಾರಣವಲ್ಲ. ಅಡಾಪ್ಟರಿನ ವೈರು ಪ್ಲಗ್ಗಿನ ಬುಡದಲ್ಲಿ ಒಳಗೇ ತುಂಡಾಗಿದ್ದರೂ ಲಕ್ಷಣ ಥೇಟ್ ಹೀಗೇ ಇರುತ್ತದೆ, ಆ ದೋಷ ಜ್ಯಾಕ್ ದೋಷಕ್ಕಿಂತ ಅಪರೂಪವೇನೂ ಅಲ್ಲ. ಹಾಗಾಗಿ ಮೊದಲ ಪರೀಕ್ಷೆ ಅಡಾಪ್ಟರಿನದು.

ಮಲ್ಟಿಮೀಟರನ್ನು ಡಿಸಿ 200 ವೋಲ್ಟ್ ರೇಂಜಿಗೆ ಇಡಬೇಕು. 20 ವೋಲ್ಟ್ ರೇಂಜಿನಲ್ಲಿ 19.99ರವರೆಗೆ ಮಾತ್ರ ಕಾಣುತ್ತದೆ. ಹೊರೆ ಇಲ್ಲದಾಗ, ಅಂದರೆ ಕರೆಂಟು ಎಳೆಯುವ ಏನನ್ನೂ ಜೋಡಿಸದಾಗ, ಅಡಾಪ್ಟರ್ ತುಸು ಹೆಚ್ಚು ಕೊಟ್ಟರೆ ಮೀಟರ್ ಬರೀ '1' ತೋರಿಸಿ ಗಾಬರಿ ಹುಟ್ಟಿಸುತ್ತದೆ. ಈ ಅಡಾಪ್ಟರ್ 19.1 ವೋಲ್ಟ್ ತೋರಿಸಿತು. ಆದರೆ ಈ ಅಂಕಿಯನ್ನು ನಂಬಿ ಮುಂದೆ ಹೋಗುವಂತಿಲ್ಲ. ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟು ಎರಡು ಮೈಕ್ರೋಆಂಪಿಯರಿನಷ್ಟು. ಅಷ್ಟನ್ನು ಸಾಗಿಸಲು ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಸಾಕು.

ಹೊರೆ ಹಾಕಿ ಅಳೆಯಬೇಕು. ಇಲ್ಲಿ ಬಳಸಿದ್ದು 10 ಓಮ್, 50 ವಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರ್. 19 ವೋಲ್ಟಿಗೆ ಅದು 1.9 ಆಂಪಿಯರ್ ಎಳೆಯುತ್ತದೆ, ಸುಮಾರು 36 ವಾಟ್ ಶಾಖ. ದಪ್ಪ ಲೋಹದ ತಗಡಿಗೆ ಬಿಗಿದು ಐದಾರು ಸೆಕೆಂಡು ಮಾತ್ರ ಹೊರೆ ಕೊಡಬೇಕು, ಕೈಯಲ್ಲಿ ಹಿಡಿದರೆ ಬೊಬ್ಬೆ ಏಳುವುದು ಖಚಿತ. ಹೊರೆಯ ಕೆಳಗೂ ಪ್ಲಗ್ಗಿನಲ್ಲಿ 18.8 ವೋಲ್ಟ್ ನಿಂತಿತು. ಅಡಾಪ್ಟರಿನ ಬುಡದಲ್ಲಿ, ಪ್ಲಗ್ಗಿನ ಬುಡದಲ್ಲಿ ವೈರನ್ನು ಎಲ್ಲ ದಿಕ್ಕಿಗೂ ಬಾಗಿಸಿದರೂ ಅಂಕಿ ಅಲುಗಲಿಲ್ಲ. ಅಡಾಪ್ಟರ್ ಮತ್ತು ವೈರು ನಿರ್ದೋಷಿ.

ಮಧ್ಯದಲ್ಲಿ ಸೂಜಿಯಂಥ ತೆಳು ಪಿನ್ ಇರುವ ಡೆಲ್, ಎಚ್‌ಪಿ ಪ್ಲಗ್ಗುಗಳಲ್ಲಿ ಈ ಪರೀಕ್ಷೆ ಸಾಲದು. ಆ ಪಿನ್ ಹೊರೆಯ ಕರೆಂಟು ಒಯ್ಯುವುದಿಲ್ಲ, ಅಡಾಪ್ಟರ್ ಯಾವುದೆಂದು ಲ್ಯಾಪ್‌ಟಾಪಿಗೆ ತಿಳಿಸುವುದಷ್ಟೇ ಅದರ ಕೆಲಸ. ಅದರ ಸಂಪರ್ಕ ತಪ್ಪಿದರೆ ಯಂತ್ರ ನಡೆಯುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ನಿಧಾನಗತಿಗೆ ಇಳಿಯುತ್ತದೆ. ದೀಪ ಮಿನುಗದೆ, ಬಿಸಿಯಾಗದೆ, ಬರೀ ಚಾರ್ಜ್ ಆಗುತ್ತಿಲ್ಲ ಎಂಬ ದೂರಿದ್ದರೆ ಮೊದಲು ನೋಡಬೇಕಾದದ್ದು ಆ ಪಿನ್ನನ್ನು. ಹಾಗೆಯೇ ಯುಎಸ್‌ಬಿ-ಸಿ ಮೂಲಕವೂ ಚಾರ್ಜ್ ಆಗಬಲ್ಲ ಯಂತ್ರವಾದರೆ ಅದೇ ಒಳ್ಳೆಯ ಪರೀಕ್ಷೆ. ಆ ದಾರಿಯಲ್ಲಿ ಬ್ಯಾಟರಿ ತುಂಬಿದರೆ ಬ್ಯಾಟರಿಯೂ ಚಾರ್ಜರ್ ಐಸಿಯೂ (ಚಾರ್ಜಿಂಗ್ ನಿಯಂತ್ರಿಸುವ ಚಿಪ್) ಸರಿಯಿವೆ, ದೋಷ ದುಂಡು ಜ್ಯಾಕಿನ ದಾರಿಯಲ್ಲೇ ಇದೆ ಎಂದಾಯಿತು. ಈ ಯಂತ್ರಕ್ಕೆ ಆ ಸೌಲಭ್ಯ ಇರಲಿಲ್ಲ.

1.2 ವೋಲ್ಟ್ ಎಲ್ಲಿ ಸೋರಿತು

ತಳದ ಮುಚ್ಚಳ ತೆಗೆದು, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಗುಂಡಿಯನ್ನು 20 ಸೆಕೆಂಡು ಒತ್ತಿ ಹಿಡಿದು ಉಳಿಕೆ ಚಾರ್ಜ್ ಕಳೆಯಲಾಯಿತು. ಬ್ಯಾಟರಿ ಊದಿಕೊಂಡಿದ್ದರೆ ಕೆಲಸ ಇಲ್ಲಿಗೇ ನಿಲ್ಲಬೇಕು. ಬೇರೆ ಬ್ಯಾಟರಿ ಬರುವವರೆಗೆ ಆ ಯಂತ್ರದ ಹತ್ತಿರ ಬಿಸಿ ಐರನ್ ತರಕೂಡದು.

ನಂತರ ಬ್ಯಾಟರಿ ಇಲ್ಲದೆ, ಬರೀ ಅಡಾಪ್ಟರಿನ ಮೇಲೆ ಯಂತ್ರವನ್ನು ಬಯೋಸ್ ಪರದೆಯವರೆಗೆ (ಆಪರೇಟಿಂಗ್ ಸಿಸ್ಟಂ ಶುರುವಾಗುವ ಮುಂಚಿನ ಸೆಟಿಂಗ್ ಪರದೆ) ಮಾತ್ರ ಚಾಲೂ ಮಾಡಿ ಪ್ಲಗ್ ಅಲುಗಿಸಿ ನೋಡಲಾಯಿತು. ತಕ್ಷಣ ಆರಿಹೋಯಿತು. ಬಯೋಸ್‌ನಲ್ಲೇ ನಿಲ್ಲಿಸುವುದು ಏಕೆಂದರೆ ಆಪರೇಟಿಂಗ್ ಸಿಸ್ಟಂ ನಡೆಯುತ್ತಿರುವಾಗ ಪದೇ ಪದೇ ಕರೆಂಟು ಕಡಿದರೆ ಡಿಸ್ಕಿನ ಫೈಲುಗಳಿಗೆ ಪೆಟ್ಟು. ಬ್ಯಾಟರಿ ಚಿತ್ರದಲ್ಲೇ ಇಲ್ಲದಿರುವಾಗಲೂ ದೋಷ ಬಂದದ್ದರಿಂದ ಬ್ಯಾಟರಿಯ ಮೇಲಿನ ಅನುಮಾನ ಹೋಯಿತು.

ಮುಂದಿನದು ಈ ಪ್ರಕರಣದ ಮುಖ್ಯ ಅಳತೆ. ಜ್ಯಾಕಿನ ರೋಧವನ್ನು ಓಮ್ ರೇಂಜಿನಲ್ಲಿ ಅಳೆಯಲು ಹೊರಟರೆ ಏನೂ ತಿಳಿಯುವುದಿಲ್ಲ. ಮೀಟರಿನ ವೈರುಗಳೇ 0.2 ರಿಂದ 0.3 ಓಮ್ ತೋರಿಸುತ್ತವೆ, ನಾವು ಹುಡುಕುವ ದೋಷವೂ ಹೆಚ್ಚು ಕಡಿಮೆ ಅದೇ ಗಾತ್ರದ್ದು. ಅದಕ್ಕೆ ಬದಲು ಯಂತ್ರ ನಡೆಯುತ್ತಿರುವಾಗ ವೋಲ್ಟೇಜ್ ಎಲ್ಲಿ ಇಳಿಯುತ್ತದೆ ಎಂದು ನೋಡಬೇಕು.

ಗೋಡೆಯ ಸಾಕೆಟ್ಟಿಗೆ ಹಾಕಿದ ವಾಟ್ ಮೀಟರ್ ಸುಮಾರು 41 ವಾಟ್ ತೋರಿಸುವವರೆಗೆ ಹೊರೆ ಏರಿಸಲಾಯಿತು. ಅಡಾಪ್ಟರಿನಲ್ಲಿ ಕಳೆಯುವ ಪಾಲು ತೆಗೆದರೆ ಲ್ಯಾಪ್‌ಟಾಪಿಗೆ ಹೋಗುತ್ತಿದ್ದದ್ದು ಸುಮಾರು 36 ವಾಟ್, ಅಂದರೆ ರೆಸಿಸ್ಟರ್ ಪರೀಕ್ಷೆಯಷ್ಟೇ 1.9 ಆಂಪಿಯರ್. ಮೀಟರಿನ ಕಪ್ಪು ಮೊನೆಯನ್ನು ಬೋರ್ಡಿನ ಸ್ಕ್ರೂ ರಂಧ್ರದ ತಾಮ್ರಕ್ಕೆ, ಕೆಂಪು ಮೊನೆಯನ್ನು ಜ್ಯಾಕಿನ ನಂತರ ಬರುವ ಮೊದಲ ಬಿಡಿಭಾಗಕ್ಕೆ, ಅಂದರೆ ಫ್ಯೂಸಿನ ಜ್ಯಾಕ್ ಕಡೆಯ ತುದಿಗೆ ಇಟ್ಟಾಗ 17.6 ವೋಲ್ಟ್. ಪ್ಲಗ್ಗಿನಲ್ಲಿ 18.8 ಇದ್ದದ್ದು ಎರಡು ಸೆಂಟಿಮೀಟರ್ ದಾರಿಯಲ್ಲಿ 1.2 ವೋಲ್ಟ್ ಕಳೆದುಕೊಂಡಿತ್ತು.

ಆ 1.2 ವೋಲ್ಟನ್ನೂ ಪಾಲು ಮಾಡಬಹುದು. ಜ್ಯಾಕಿನ ಹಿಂಬದಿಯಲ್ಲಿ ಮಧ್ಯದ ಪಿನ್ನಿನ ಲೋಹದ ಪಟ್ಟಿ ಹೊರಗೆ ಕಾಣುತ್ತದೆ. ಒಂದು ಮೊನೆ ಅಲ್ಲಿ, ಇನ್ನೊಂದು ಫ್ಯೂಸಿನ ಮೇಲೆ, ಮೀಟರ್ 2 ವೋಲ್ಟ್ ರೇಂಜಿನಲ್ಲಿ. ಬಂದದ್ದು 0.9 ವೋಲ್ಟ್. ಈ ಎರಡರ ನಡುವೆ ಇರುವುದು ಒಂದೇ ಒಂದು ಬೆಸುಗೆ ಮತ್ತು ಒಂದು ಚೂರು ತಾಮ್ರ. ಉಳಿದ 0.3 ವೋಲ್ಟ್ ಪ್ಲಗ್-ಜ್ಯಾಕ್ ಸ್ಪರ್ಶದಲ್ಲಿ ಮತ್ತು ನೆಗೆಟಿವ್ ಕಡೆಯಲ್ಲಿ. ಮೊನೆ ಜಾರಿದರೆ 19 ವೋಲ್ಟ್ ಪಕ್ಕದ ತಾಮ್ರಕ್ಕೆ ತಗಲಿ ಬೋರ್ಡೇ ಹೋಗಬಹುದು. ಮೊನೆಗಳ ತುದಿ ಒಂದು ಮಿಲಿಮೀಟರ್ ಬಿಟ್ಟು ಮಿಕ್ಕದ್ದಕ್ಕೆ ಇನ್ಸುಲೇಷನ್ ಟೇಪು ಸುತ್ತಿಯೇ ಇದಕ್ಕೆ ಕೈ ಹಾಕಬೇಕು.

1.9 ಆಂಪಿಯರಿಗೆ 1.2 ವೋಲ್ಟ್ ಎಂದರೆ ರೋಧ 0.63 ಓಮ್, ಶಾಖ 2.3 ವಾಟ್. ಬ್ಯಾಟರಿ ಚಾರ್ಜ್ ಆಗುತ್ತಾ ಪೂರ್ತಿ 3.4 ಆಂಪಿಯರ್ ಹರಿದರೆ ಶಾಖ ಕರೆಂಟಿನ ವರ್ಗದಂತೆ ಏರಿ 7 ವಾಟ್ ಮೀರುತ್ತದೆ. ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿನೊಳಗೆ 7 ವಾಟ್. ವಾಸನೆ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ. ಇದಕ್ಕೆ ಇನ್ನೊಂದು ಕೊಂಡಿಯೂ ಇದೆ. ಲ್ಯಾಪ್‌ಟಾಪಿನ ಒಳಗೆ ವೋಲ್ಟೇಜ್ ಇಳಿಸಿ ಹಂಚುವ ಕನ್ವರ್ಟರುಗಳಿಗೆ ಬೇಕಾದದ್ದು ಇಷ್ಟು ವಾಟ್ ಎಂಬ ಲೆಕ್ಕ. ವೋಲ್ಟೇಜ್ ಇಳಿದಷ್ಟೂ ಅವು ಹೆಚ್ಚು ಕರೆಂಟು ಎಳೆಯುತ್ತವೆ, ಕರೆಂಟು ಏರಿದಷ್ಟೂ ದೋಷದ ಜಾಗ ಇನ್ನೂ ಬಿಸಿಯಾಗುತ್ತದೆ.

ದೀಪ ಮಿನುಗಿದ್ದಕ್ಕೂ ಇಲ್ಲೇ ಉತ್ತರವಿದೆ. ಒಳಬರುವ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅಡಾಪ್ಟರ್ ಇಲ್ಲವೆಂದು ಚಾರ್ಜರ್ ಐಸಿ ತೀರ್ಮಾನಿಸಿ ಒಳದಾರಿ ಮುಚ್ಚುತ್ತದೆ. ಮುಚ್ಚಿದೊಡನೆ ಕರೆಂಟು ನಿಲ್ಲುತ್ತದೆ, ಕರೆಂಟು ನಿಂತರೆ ವೋಲ್ಟೇಜ್ ಇಳಿತವೂ ಇಲ್ಲ, ಮತ್ತೆ 19 ವೋಲ್ಟ್ ಕಾಣುತ್ತದೆ, ದಾರಿ ತೆರೆಯುತ್ತದೆ, ಮತ್ತೆ ಇಳಿಯುತ್ತದೆ. ಪ್ಲಗ್ ಒಂದಿಷ್ಟೂ ಅಲುಗದಿದ್ದರೂ ದೀಪ ತಾನಾಗಿಯೇ ಮಿನುಗುತ್ತಿದ್ದರೆ ಅದು ಈ ಸುತ್ತು.

ಬೋರ್ಡ್ ಹೊರಗೆ ಬಂದಾಗ ಕಂಡದ್ದು

ಜ್ಯಾಕಿನ ಬೆಸುಗೆ ಇರುವುದು ಬೋರ್ಡಿನ ಇನ್ನೊಂದು ಮಗ್ಗುಲಲ್ಲಿ, ಕೀಬೋರ್ಡಿನ ಕಡೆಗೆ. ಆದ್ದರಿಂದ ಬೋರ್ಡ್ ಪೂರ್ತಿ ಹೊರಗೆ ಬರಲೇಬೇಕು. ಫ್ಯಾನು, ಡಿಸ್‌ಪ್ಲೇ, ಕೀಬೋರ್ಡ್, ಟಚ್‌ಪ್ಯಾಡ್, ಸ್ಪೀಕರ್, ವೈಫೈ ಆಂಟೆನಾದ ಎರಡು ವೈರು, ಬಯೋಸ್ ಬ್ಯಾಟರಿ. ಚಪ್ಪಟೆ ರಿಬ್ಬನ್ ಕೇಬಲ್ಲಿನ ಕಪ್ಪು ಬೀಗವನ್ನು ಉಗುರಿನಿಂದ ಎತ್ತಬೇಕೇ ಹೊರತು ಕೇಬಲ್ ಎಳೆಯಬಾರದು. ಬಿಚ್ಚುವ ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಚಿತ್ರ, ಸ್ಕ್ರೂಗಳನ್ನು ಹಾಳೆಯ ಮೇಲೆ ಅವು ಬಂದ ಜಾಗದಲ್ಲೇ ಟೇಪಿನಿಂದ ಅಂಟಿಸುವುದು, ಇಷ್ಟಿದ್ದರೆ ಮರುಜೋಡಣೆ ಸಲೀಸು. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ಬಿಗಿದರೆ ಅದು ಮೇಲಿನ ಕವಚದಲ್ಲಿ ಗುಳ್ಳೆ ಎಬ್ಬಿಸುತ್ತದೆ, ಇಲ್ಲವೇ ಬೋರ್ಡಿಗೇ ತೂತು. ಹೀಟ್‌ಸಿಂಕನ್ನು ಬೋರ್ಡಿನ ಮೇಲೇ ಬಿಡಲಾಯಿತು, ಹಾಗಾಗಿ ಥರ್ಮಲ್ ಪೇಸ್ಟ್ ಬದಲಿಸುವ ಗೊಡವೆ ಬರಲಿಲ್ಲ.

ಹತ್ತು ಪಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಪಾಸಿಟಿವ್ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಕಪ್ಪು ಉಂಗುರ. ಜ್ಯಾಕನ್ನು ಬೆರಳಿನಿಂದ ಒತ್ತಿದರೆ ಕಾಲು ಬೆಸುಗೆಯೊಳಗೆ ಮೇಲೆ ಕೆಳಗೆ ಆಡುತ್ತಿತ್ತು. ಸುತ್ತಲಿನ ಹಸಿರು ಲೇಪ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು, ಒಂದಂಚಿನಲ್ಲಿ ಕಪ್ಪಾಗಿತ್ತು. ಐದು ಕಾಲುಗಳ ಪೈಕಿ ನಾಲ್ಕು ನೆಗೆಟಿವ್. ಅವುಗಳಲ್ಲೂ ಮುಂಬದಿಯ ಒಂದು ಆಧಾರದ ಕಾಲಿನ ಬೆಸುಗೆ ಸೀಳಿತ್ತು.

ಬೆಸುಗೆ ತಾನಾಗಿ ಹೀಗೆ ಸೀಳುವುದಿಲ್ಲ. ಜ್ಯಾಕಿನಿಂದ ಹೊರಗೆ ಚಾಚಿಕೊಂಡಿರುವ ಪ್ಲಗ್ಗಿನ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್, ಅದೊಂದು ಸನ್ನೆಗೋಲು. ಹೊರತುದಿಯಲ್ಲಿ ವೈರು ಜಗ್ಗಿದರೆ ಬೆಸುಗೆಯ ಮೇಲೆ ಬೀಳುವ ಬಲ ಅದರ ಹಲವು ಪಟ್ಟು. ಈ ಬಲವನ್ನು ಬೆಸುಗೆ ಹೊರಬಾರದೆಂದೇ ತಳದ ಕವಚದಲ್ಲಿ ಜ್ಯಾಕಿನ ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ಪಕ್ಕೆಗಳಿರುತ್ತವೆ. ಬಿಚ್ಚಿಟ್ಟ ಮುಚ್ಚಳವನ್ನು ನೋಡಿದರೆ ಎಡಗಡೆಯ ಪಕ್ಕೆ ಬುಡದಲ್ಲೇ ಮುರಿದು ಮೂಲೆಯಲ್ಲಿ ಬಿದ್ದಿತ್ತು. ಮೂಲ ದೋಷ ಇದು. ಪಕ್ಕೆ ಮುರಿದ ದಿನದಿಂದ ಪ್ರತಿ ಜಗ್ಗಾಟವನ್ನೂ ಬೆಸುಗೆಯೇ ತಡೆದುಕೊಳ್ಳಬೇಕಾಯಿತು. ಜ್ಯಾಕ್ ಬದಲಿಸಿ ಪಕ್ಕೆಯನ್ನು ಹಾಗೇ ಬಿಟ್ಟಿದ್ದರೆ ಹೊಸ ಬೆಸುಗೆಯೂ ಅದೇ ಜಾಗದಲ್ಲಿ ಬಿರಿಯುತ್ತಿತ್ತು. ರಿಪೇರಿಯಾದ ಜ್ಯಾಕ್ ಕೆಲವೇ ತಿಂಗಳಲ್ಲಿ ಮತ್ತೆ ಕೈಕೊಟ್ಟಿತು ಎಂಬ ದೂರುಗಳಲ್ಲಿ ಬೆಸುಗೆಯ ಗುಣಮಟ್ಟವನ್ನು ಬೈಯುವ ಮುನ್ನ ಈ ಪಕ್ಕೆಗಳನ್ನು ನೋಡುವುದು ಒಳ್ಳೆಯದು.

ಹಳೆಯದನ್ನು ಕೀಳದೆ ತೆಗೆಯುವುದು

ಮರುಬೆಸುಗೆ ಸಾಕೇ, ಜ್ಯಾಕ್ ಬದಲಿಸಬೇಕೇ? ಬೋರ್ಡ್ ಕಂದದೆ, ಜ್ಯಾಕಿನೊಳಗಿನ ಸ್ಪ್ರಿಂಗ್ ಬಿಗಿಯಾಗಿದ್ದು, ಬರೀ ಬಿರುಕು ಮಾತ್ರ ಇದ್ದಲ್ಲಿ ಹಳೆ ಬೆಸುಗೆ ಹೀರಿ ಹೊಸದು ಹಾಕಿದರೆ ಸಾಕು. ಇಲ್ಲಿ ಜ್ಯಾಕಿನ ಪ್ಲಾಸ್ಟಿಕ್ ಮೆತ್ತಗಾಗಿ ಮಧ್ಯದ ಪಿನ್ ವಾಲಿತ್ತು, ಪಕ್ಕದ ಸ್ಪ್ರಿಂಗ್ ಬಿಸಿಗೆ ಬಿಗುವು ಕಳೆದುಕೊಂಡಿತ್ತು. ಬದಲಾವಣೆಯೇ ಸರಿ.

ಹೊಸ ಜ್ಯಾಕನ್ನು ಲ್ಯಾಪ್‌ಟಾಪಿನ ಮಾದರಿ ಹೆಸರು ನಂಬಿ ತರಿಸುವುದು ಅಪಾಯ, ಒಂದೇ ಹೆಸರಿನ ಯಂತ್ರದಲ್ಲಿ ಬೇರೆ ಬೇರೆ ಬೋರ್ಡುಗಳು ಇರುತ್ತವೆ. ಕಾಲುಗಳ ಸಂಖ್ಯೆ, ಅವುಗಳ ನಡುವಿನ ಅಂತರ, ಬೋರ್ಡಿನಿಂದ ರಂಧ್ರದ ಮಧ್ಯಕ್ಕೆ ಎತ್ತರ, ಮಧ್ಯದ ಪಿನ್ನಿನ ದಪ್ಪ, ನಾಲ್ಕನ್ನೂ ಕ್ಯಾಲಿಪರಿನಲ್ಲಿ ಅಳೆದು ಹೋಲಿಸಬೇಕು. ಪಿನ್ನಿನ ದಪ್ಪ ವಿಶೇಷವಾಗಿ. 2.5 ಮಿಮೀ ರಂಧ್ರದ ಪ್ಲಗ್ 2.1 ಮಿಮೀ ಪಿನ್ನಿನ ಜ್ಯಾಕಿಗೂ ಹೋಗಿ ಕೂರುತ್ತದೆ, ಸ್ವಲ್ಪ ಹೊತ್ತು ಕೆಲಸವನ್ನೂ ಮಾಡುತ್ತದೆ. ಸ್ಪರ್ಶ ಸಡಿಲವಾದ್ದರಿಂದ ಮತ್ತೆ ಅದೇ ಬಿಸಿ, ಅದೇ ಕಥೆ.

ಬೇಕಾದ ಸಾಮಾನು: ಉಷ್ಣತೆ ನಿಯಂತ್ರಣವಿರುವ 60 ವಾಟ್ ಅಥವಾ ಹೆಚ್ಚಿನ ಐರನ್, 3 ರಿಂದ 4 ಮಿಮೀ ಅಗಲದ ಉಳಿಯಾಕಾರದ ತುದಿ, 0.8 ಮಿಮೀ ದಪ್ಪದ 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ), ಬೆಸುಗೆ ಚೆನ್ನಾಗಿ ಹರಿಯಲು ಜೆಲ್ ಫ್ಲಕ್ಸ್, ಕರಗಿದ ಸೋಲ್ಡರ್ ಹೀರುವ 2.5 ಮಿಮೀ ತಾಮ್ರದ ವಿಕ್ (ಹೆಣೆದ ಪಟ್ಟಿ), ಸೋಲ್ಡರ್ ಸಕ್ಕರ್, ಶಾಖ ತಡೆಯುವ ಕ್ಯಾಪ್ಟಾನ್ ಟೇಪು, ಬಿಸಿಗಾಳಿ ಊದುವ ಹಾಟ್ ಏರ್, ಚೂಪಾದ ಕಟರ್, ಚಿಮಟ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಸೂಜಿಮೊನೆಯ ತುದಿ ಈ ಕೆಲಸಕ್ಕೆ ಬೇಡ. ಅದರಿಂದ ಶಾಖ ಸಾಕಷ್ಟು ಇಳಿಯುವುದಿಲ್ಲ, ಇಳಿಯಲಿಲ್ಲವೆಂದು ಉಷ್ಣತೆ ಏರಿಸಿ ಹೆಚ್ಚು ಹೊತ್ತು ಒತ್ತಿ ಹಿಡಿದಾಗಲೇ ತಾಮ್ರ ಎದ್ದು ಬರುವುದು.

ಕಷ್ಟ ಇರುವುದು ನೆಗೆಟಿವ್ ಕಾಲುಗಳಲ್ಲಿ. ಅವು ಬೋರ್ಡಿನ ಒಳಪದರದ ವಿಶಾಲ ತಾಮ್ರದ ಹಾಳೆಗಳಿಗೆ ಜೋಡಿಸಿಕೊಂಡಿವೆ, ಐರನ್ ಕೊಟ್ಟ ಶಾಖವನ್ನು ಆ ಹಾಳೆಗಳು ಎಳೆದುಕೊಂಡು ಹರಡಿಬಿಡುತ್ತವೆ. ಮೇಲಾಗಿ ಕಾರ್ಖಾನೆಯ ಬೆಸುಗೆ ಸೀಸರಹಿತ: ತವರ, ಬೆಳ್ಳಿ, ತಾಮ್ರದ ಮಿಶ್ರಣ, ಕರಗುವುದು 217 ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಸವಿರುವ 63/37 ಕರಗುವುದು 183ರಲ್ಲಿ. ಹಾಗಾಗಿ ಹಳೆ ಬೆಸುಗೆ ತೆಗೆಯಲು ಮೊದಲು ಮಾಡಬೇಕಾದದ್ದು ಅದಕ್ಕೆ ಹೊಸ ಸೋಲ್ಡರ್ ಸೇರಿಸುವುದು. ಎರಡೂ ಬೆರೆತರೆ ಕರಗುವ ಉಷ್ಣತೆ ಇಳಿಯುತ್ತದೆ, ಕಾಲಿನ ಸುತ್ತ ದೊಡ್ಡ ಹನಿಯಾದ್ದರಿಂದ ಶಾಖವೂ ಸಮವಾಗಿ ಹರಡುತ್ತದೆ.

ಅಕ್ಕಪಕ್ಕದ ಪ್ಲಾಸ್ಟಿಕ್ ಕನೆಕ್ಟರುಗಳಿಗೆ ಕ್ಯಾಪ್ಟಾನ್ ಟೇಪು ಹಚ್ಚಿ, ಹಾಟ್ ಏರನ್ನು ಹತ್ತು ಸೆಂಟಿಮೀಟರ್ ದೂರದಿಂದ ಆಡಿಸುತ್ತ ಆ ಮೂಲೆಯನ್ನು 100 ರಿಂದ 120 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡು, ಐರನ್ನನ್ನು 380ಕ್ಕೆ ಇಟ್ಟು ಕೆಲಸ ಶುರು. ಐದೂ ಕಾಲನ್ನು ಒಟ್ಟಿಗೆ ಕರಗಿಸಿ ಜ್ಯಾಕನ್ನು ಇಡಿಯಾಗಿ ಎತ್ತುವ ಪ್ರಯತ್ನ ಮನೆಯ ಸಲಕರಣೆಗೆ ಒಗ್ಗುವುದಿಲ್ಲ. ಒಂದು ಕಾಲು ಕರಗದೇ ಉಳಿದಿರುವಾಗ ಜಗ್ಗಿದರೆ ರಂಧ್ರದ ಒಳಗೋಡೆಯ ತಾಮ್ರವೇ ಕಾಲಿನ ಜೊತೆ ಕಿತ್ತು ಬರುತ್ತದೆ. ಹಳೆಯ ಜ್ಯಾಕ್ ಹೇಗೂ ಬೇಡ, ಅದನ್ನು ಬಲಿಕೊಡುವುದೇ ಜಾಣತನ. ಕಟರಿನಿಂದ ಪ್ಲಾಸ್ಟಿಕ್ ದೇಹವನ್ನು ಚೂರು ಚೂರಾಗಿ ಕತ್ತರಿಸಿ ಐದು ಕಾಲುಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಲಾಯಿತು. ಆಮೇಲೆ ಒಂದೊಂದನ್ನೇ ಕರಗಿಸಿ ಚಿಮಟದಿಂದ ಎತ್ತುವುದು. ಪೂರ್ತಿ ಕರಗಿದ್ದರೆ ಕಾಲು ತಾನೇ ಸರಿದು ಬರುತ್ತದೆ, ಬಲ ಹಾಕಬೇಕೆನಿಸಿದರೆ ಇನ್ನೂ ಕರಗಿಲ್ಲ ಎಂದೇ ಅರ್ಥ. ಒಂದು ಜಾಗದಲ್ಲಿ ಐರನ್ ಐದು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಆಗದಿದ್ದರೆ ತಣಿಯಲು ಬಿಟ್ಟು ಫ್ಲಕ್ಸ್ ಹಚ್ಚಿ ಮತ್ತೆ ಬರಬೇಕು.

ರಂಧ್ರಗಳನ್ನು ಖಾಲಿ ಮಾಡುವುದು ಕಾಲು ತೆಗೆಯುವುದಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ವಿಕ್ ಮತ್ತು ಫ್ಲಕ್ಸಿಗೆ ಮೂರು ರಂಧ್ರಗಳು ತೆರೆದವು. ಎರಡು ನೆಗೆಟಿವ್ ರಂಧ್ರ ಹಟ ಹಿಡಿದವು. ಅವುಗಳಿಗೆ ಉಪಾಯ: ಹೊಸ ಸೋಲ್ಡರ್ ತುಂಬಿ, ಒಂದು ಮಗ್ಗುಲಿಂದ ಐರನ್ ಹಿಡಿದು, ಇನ್ನೊಂದು ಮಗ್ಗುಲಿಂದ ಸಕ್ಕರಿನಲ್ಲಿ ಎಳೆಯುವುದು. ಅದೂ ಆಗದಿದ್ದರೆ ಕರಗಿದ ಹೊತ್ತಿನಲ್ಲೇ ಮರದ ಹಲ್ಲುಕಡ್ಡಿ ತೂರಿಸಿ ತಣಿಯಲು ಬಿಡಬಹುದು, ಸೋಲ್ಡರ್ ಮರಕ್ಕೆ ಅಂಟುವುದಿಲ್ಲ. ಡ್ರಿಲ್ ಮಾತ್ರ ಬೇಡವೇ ಬೇಡ. ರಂಧ್ರದ ಒಳಗೋಡೆಯ ತಾಮ್ರ ಎರಡೂ ಮಗ್ಗುಲನ್ನು ಮತ್ತು ಒಳಪದರಗಳನ್ನು ಜೋಡಿಸುವ ಕೊಂಡಿ, ಡ್ರಿಲ್ ಅದನ್ನೇ ಕೆರೆದು ಹಾಕುತ್ತದೆ.

ಇಷ್ಟು ಎಚ್ಚರ ವಹಿಸಿದರೂ ಪಾಸಿಟಿವ್ ಕಾಲಿನ ಸುತ್ತಲಿನ ತಾಮ್ರದ ಉಂಗುರ ಎದ್ದು ಬಂತು. ತಿಂಗಳುಗಟ್ಟಲೆ ಬೆಂದ ಬೋರ್ಡಿನಲ್ಲಿ ತಾಮ್ರವನ್ನು ಹಿಡಿದಿಡುವ ರಾಳ ಆಗಲೇ ಸತ್ತಿರುತ್ತದೆ, ಹಾಗಾಗಿ ಇದು ನಿರೀಕ್ಷಿತವೇ. ರಂಧ್ರದಿಂದ ಫ್ಯೂಸಿಗೆ ಸಂಪರ್ಕ ನೋಡಿದಾಗ ಮೀಟರ್ ಸದ್ದು ಮಾಡಲಿಲ್ಲ. ಕಪ್ಪಾಗಿದ್ದ ಅಂಚನ್ನು ಚಾಕುವಿನ ಮೊನೆಯಿಂದ ತಿಳಿ ಬಣ್ಣದ ಗಾಜಿನ ನಾರು ಕಾಣುವವರೆಗೆ ಕೆರೆದು ತೆಗೆಯಲಾಯಿತು. ಸುಟ್ಟ ರಾಳ ಎಂದರೆ ಇಂಗಾಲ, ಅದು ವಿದ್ಯುತ್ ಹರಿಸುತ್ತದೆ. ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಅದನ್ನು ಬಿಟ್ಟರೆ ಮುಂದೆ ಅಲ್ಲೇ ಕಿಡಿ.

ಹೊಸ ಜ್ಯಾಕ್, ಒಂದು ತುಂಡು ವೈರು

ಮೊದಲು ಒಂದೇ ಒಂದು ಆಧಾರದ ಕಾಲಿಗೆ ಬೆಸುಗೆ. ಆಮೇಲೆ ಬೋರ್ಡನ್ನು ಕವಚದಲ್ಲಿ ಕೂರಿಸಿ, ಪ್ಲಗ್ ಹಾಕಿ ನೋಡಿ, ರಂಧ್ರ ಕವಚದ ತೂತಿಗೆ ನೇರವಾಗಿದೆಯೇ, ಜ್ಯಾಕ್ ಬೋರ್ಡಿಗೆ ಸಮವಾಗಿ ಕೂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಐದೂ ಕಾಲಿಗೆ ಬೆಸುಗೆ ಹಾಕಿದ ಮೇಲೆ ಅರ್ಧ ಮಿಲಿಮೀಟರ್ ವಾರೆಯಾಗಿದೆ ಎಂದು ತಿಳಿದರೆ ಹಿಂದಿನ ಅಧ್ಯಾಯವನ್ನು ಪೂರ್ತಿ ಮತ್ತೆ ಮಾಡಬೇಕಾಗುತ್ತದೆ. ಸರಿಯಾಗಿದ್ದದ್ದರಿಂದ ಉಳಿದ ಕಾಲುಗಳಿಗೆ ಬೆಸುಗೆ ಮುಂದುವರಿಯಿತು. ಕೆಳಗಿನಿಂದ ಕೊಟ್ಟ ಸೋಲ್ಡರ್ ರಂಧ್ರದೊಳಗೆ ಏರಿ ಮೇಲ್ಮಗ್ಗುಲಲ್ಲಿ ಹೊಳಪಿನ ಅಂಚಾಗಿ ಕಾಣಬೇಕು. ಕೆಳಗೆ ಮಾತ್ರ ಗುಡ್ಡೆಯಾಗಿ ನಿಂತರೆ ಅದು ನೋಡಲು ಚೆಂದ, ಹಿಡಿತ ಇಲ್ಲ.

ಪಾಸಿಟಿವ್ ಕಾಲಿಗೆ ತಾಮ್ರದ ಉಂಗುರ ಇಲ್ಲದ್ದರಿಂದ ವೈರಿನ ಸೇತುವೆ. 20 ಗೇಜಿನ, 18 ಮಿಮೀ ಉದ್ದದ ವೈರನ್ನು ಕಾಲಿಗೆ ಒಂದು ಸುತ್ತು ಹಾಕಿ ಬೆಸೆದು, ಇನ್ನೊಂದು ತುದಿಯನ್ನು ಫ್ಯೂಸಿನ ಜ್ಯಾಕ್ ಕಡೆಯ ತುದಿಗೆ. ಅರ್ಧ ಚದರ ಮಿಲಿಮೀಟರಿನಷ್ಟು ದಪ್ಪದ ಈ ತುಂಡಿನ ರೋಧ ಒಂದು ಮಿಲಿಓಮಿಗಿಂತ ಕಡಿಮೆ, 3.4 ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಫ್ಯೂಸಿನ ಆಚೆ ತುದಿಗೆ ಬೆಸೆದುಬಿಟ್ಟರೆ ಯಂತ್ರ ಅಷ್ಟೇ ಚೆನ್ನಾಗಿ ನಡೆಯುತ್ತದೆ, ಆದರೆ ಮುಂದೆಂದೋ ಒಳಗೆ ಶಾರ್ಟ್ ಆದ ದಿನ ತಡೆಯುವವರು ಯಾರೂ ಇರುವುದಿಲ್ಲ. ವೈರನ್ನು ಎಪಾಕ್ಸಿಯ ಎರಡು ಚುಕ್ಕೆಯಿಂದ ಬೋರ್ಡಿಗೆ ಅಂಟಿಸಿ, ಫ್ಲಕ್ಸನ್ನು ಆಲ್ಕೊಹಾಲ್ ಮತ್ತು ಹಳೆ ಟೂತ್‌ಬ್ರಷ್ಷಿನಿಂದ ತೊಳೆದರೆ ಬೋರ್ಡಿನ ಕೆಲಸ ಮುಗಿಯಿತು. ಸೀಸದ ಸೋಲ್ಡರ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಯಿಗೆ ತರಬಾರದು, ಫ್ಲಕ್ಸಿನ ಹೊಗೆ ಮುಖಕ್ಕೆ ಬಾರದಂತೆ ಕಿಟಕಿ ತೆರೆದಿರಬೇಕು.

ಮುರಿದ ಪಕ್ಕೆಯ ಬುಡವನ್ನೂ ಕವಚವನ್ನೂ 220ರ ಉಜ್ಜುಕಾಗದದಿಂದ ಒರಟು ಮಾಡಿ, ಎರಡು ಭಾಗ ಬೆರೆಸುವ ಎಪಾಕ್ಸಿಯಿಂದ ಅಂಟಿಸಿ, ಹೊರಬದಿಗೆ 2 ಮಿಮೀ ದಪ್ಪದ ಎಬಿಎಸ್ ಪ್ಲಾಸ್ಟಿಕ್ಕಿನ ತುಂಡೊಂದನ್ನು ಆನಿಕೆಯಾಗಿ ಕೊಡಲಾಯಿತು. 24 ಗಂಟೆ ಒಣಗಿದ ಮೇಲೆ ಜ್ಯಾಕಿಗೂ ಪಕ್ಕೆಗೂ ನಡುವೆ ಉಳಿದ ಸಂದಿ ಒಂದು ಹಾಳೆ ಕಾಗದ ತೂರುವಷ್ಟು. ಸೂಪರ್ ಗ್ಲೂ ಇಲ್ಲಿಗೆ ಆಗದು. ಜಗ್ಗಾಟಕ್ಕೆ ಪಟಕ್ಕನೆ ಬಿರಿಯುತ್ತದೆ, ಅದರ ಆವಿ ಹತ್ತಿರದ ಲೋಹದ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಜ್ಯಾಕಿನ ಸ್ಪ್ರಿಂಗಿನ ಮೇಲೆ ಕೂತರೆ ಮತ್ತೆ ರೋಧ.

ಪ್ಲಗ್ಗನ್ನೂ ಹಾಗೇ ಬಿಡುವಂತಿರಲಿಲ್ಲ. ಅದರೊಳಗಿನ ಕವಲು ಸ್ಪ್ರಿಂಗ್ ಬಿಸಿಗೆ ನೀಲಿಗಟ್ಟಿ ಅಗಲವಾಗಿತ್ತು. ಬಿಸಿಯಾದ ಸ್ಪರ್ಶದಲ್ಲಿ ಎರಡೂ ಕಡೆ ಹಾಳಾಗಿರುತ್ತದೆ, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ವೈರನ್ನು ಐದು ಸೆಂಟಿಮೀಟರ್ ಹಿಂದೆ ಕತ್ತರಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ತೂರಿಸಿಟ್ಟುಕೊಂಡು, ಮಧ್ಯದ ವೈರನ್ನು ಮಧ್ಯಕ್ಕೆ, ಸುತ್ತಲಿನ ಜಡೆಯನ್ನು ಹೊರಕೊಳವೆಗೆ ಬೆಸೆದು ಹೊಸ ಪ್ಲಗ್ ಹಾಕಲಾಯಿತು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಮುನ್ನ ಮೀಟರಿನಲ್ಲಿ ಪಾಸಿಟಿವ್-ನೆಗೆಟಿವ್ ಒಮ್ಮೆ ನೋಡಲೇಬೇಕು.

ಕರೆಂಟು ಕೊಡುವಾಗ

ಅಡಾಪ್ಟರ್ ಹಾಕುವ ಮುನ್ನ ಜ್ಯಾಕಿನ ಪಾಸಿಟಿವ್-ನೆಗೆಟಿವ್ ನಡುವಿನ ರೋಧ. ಮೊದಲು ಕಡಿಮೆ ತೋರಿಸಿ, ಕೆಪಾಸಿಟರುಗಳು ತುಂಬುತ್ತಿದ್ದಂತೆ ಏರುತ್ತ ಕಿಲೋಓಮುಗಳಿಗೆ ಹೋದರೆ ಸರಿ. ಕೆಲವೇ ಓಮ್‌ನಲ್ಲಿ ನಿಂತರೆ ಎಲ್ಲೋ ಸೋಲ್ಡರ್ ಎರಡು ಕಾಲುಗಳನ್ನು ಸೇರಿಸಿದೆ. ಕರೆಂಟು ಮಿತಿ ಹಾಕಬಲ್ಲ ಪವರ್ ಸಪ್ಲೈ ಇದ್ದರೆ 19 ವೋಲ್ಟ್, 0.3 ಆಂಪಿಯರಿಗೆ ಇಟ್ಟು ಮೊದಲ ಪರೀಕ್ಷೆ ಮಾಡುವುದು ಕ್ಷೇಮ. ಯಂತ್ರ ಆಫ್ ಇರುವಾಗ ಎಳೆತ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಇಲ್ಲಿ ಎಲ್ಲವೂ ಸರಿಯಿತ್ತು. ಫ್ಯೂಸಿನ ಈಚೆಗೆ 19 ವೋಲ್ಟ್ ಬಂದು ಆಚೆಗೆ ಬಾರದಿದ್ದರೆ ಫ್ಯೂಸ್ ಹೋಗಿದೆ; ಫ್ಯೂಸ್ ದಾಟಿ, ಕರೆಂಟಿನ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚುಗಳಾದ ಮಾಸ್‌ಫೆಟ್ಟುಗಳಲ್ಲಿ ನಿಂತರೆ ಅದು ಬೋರ್ಡ್ ಮಟ್ಟದ ದೋಷ, ಮೈಕ್ರೋಸ್ಕೋಪು ಮತ್ತು ಸರ್ಕ್ಯೂಟ್ ನಕ್ಷೆ ಇರುವವರ ಕೆಲಸ. ಯುಎಸ್‌ಬಿ-ಸಿ ಪೋರ್ಟ್ ಬದಲಾವಣೆಯನ್ನೂ ಅದೇ ಸಾಲಿಗೆ ಸೇರಿಸಬೇಕು. 24 ಸಂಪರ್ಕಗಳು ಅರ್ಧ ಮಿಲಿಮೀಟರ್ ಅಂತರದಲ್ಲಿ. ಒಳಗೆ ಕೂತ ದೂಳಿನ ಉಂಡೆಯನ್ನು ಹಲ್ಲುಕಡ್ಡಿಯಿಂದ ತೆಗೆಯುವುದಷ್ಟೇ ಮನೆಯಲ್ಲಿ ಮಾಡಬಹುದಾದದ್ದು.

ಬ್ಯಾಟರಿ ಇಲ್ಲದೆ, ಮೊದಲಿನ 36 ವಾಟ್ ಹೊರೆಯಲ್ಲೇ ಮತ್ತೆ ಅಳೆದಾಗ ಫ್ಯೂಸಿನಲ್ಲಿ 18.72 ವೋಲ್ಟ್. ಇಳಿತ 1.2 ಇದ್ದದ್ದು 0.08ಕ್ಕೆ ಬಂದಿತ್ತು. ಪ್ಲಗ್ಗನ್ನು ಎಲ್ಲ ದಿಕ್ಕಿಗೂ ಒತ್ತಿದರೂ, ಹಾಕಿದ ಹಾಗೆಯೇ ತಿರುಗಿಸಿದರೂ ಯಂತ್ರ ಆರಲಿಲ್ಲ. ಬ್ಯಾಟರಿ ಜೋಡಿಸಿದ ಮೇಲೆ ಮೊದಲ ಇಪ್ಪತ್ತು ನಿಮಿಷ ಸೊನ್ನೆ ಶೇಕಡಾದಲ್ಲೇ ನಿಂತಿತ್ತು. ಪೂರ್ತಿ ಬರಿದಾಗಿ ಬಿದ್ದಿದ್ದ ಲಿಥಿಯಂ ಸೆಲ್ಲುಗಳಿಗೆ ಚಾರ್ಜರ್ ಐಸಿ ಮೊದಲು ಸಣ್ಣ ಕರೆಂಟನ್ನೇ ಕೊಡುತ್ತದೆ, ವೋಲ್ಟೇಜ್ ಒಂದು ಮಟ್ಟ ಮುಟ್ಟಿದ ಮೇಲಷ್ಟೇ ಪೂರ್ಣ ವೇಗ. ಈ ಹೊತ್ತಿನಲ್ಲಿ ರಿಪೇರಿ ಕೆಟ್ಟಿತೆಂದು ಮತ್ತೆ ಬಿಚ್ಚುವವರಿದ್ದಾರೆ. ಒಂದು ಗಂಟೆಯ ಚಾರ್ಜಿನ ನಂತರ ಪ್ಲಗ್ಗಿನ ಬುಡ ಬರೀ ಉಗುರುಬೆಚ್ಚಗಿತ್ತು.

ಬ್ಯಾಟರಿ ಪೂರ್ತಿ ತುಂಬಿದಾಗ ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಕಂಡ ಸಾಮರ್ಥ್ಯ 29 ವಾಟ್‌ಅವರ್, ಹೊಸತರಲ್ಲಿ 41. ಆರು ವರ್ಷದ ಸವಕಳಿ ಅದು, ಜ್ಯಾಕಿಗೆ ಸಂಬಂಧವಿಲ್ಲ. ಚಾರ್ಜ್ ಬೇಗ ಇಳಿಯುತ್ತದೆ ಎಂಬ ಉಳಿದ ದೂರು ಬ್ಯಾಟರಿ ಬದಲಿಸುವವರೆಗೆ ಉಳಿದೇ ಇರುತ್ತದೆ.